ಬೆಳಿಗ್ಗೆಯೂ ತುಂಬಿದ್ದ ಚೀಲ

ನಾಟಿ ಮೊಟ್ಟೆ ಒಂದಕ್ಕೆ ಹುಣಸೂರಿನ ಸಂತೆಯಲ್ಲಿ ಹದಿನೈದು ರೂಪಾಯಿ. ಮೊಟ್ಟೆಯಿಡುವ ಕೋಳಿ ಐನೂರಕ್ಕೆ ಕಡಿಮೆ ಸಿಗದು. ಆದರೆ ಚೆನ್ನಾಗಿ ಕಾವಿಗೆ ಕೂರುವ ಕೋಳಿಗೆ ಬೆಲೆ ಕಟ್ಟುವವರು ಯಾರು? ಕಾಡಂಚಿನ ಹಾಡಿಯ ಕುಳ್ಳಿಗೆ ಅಂಥದ್ದು ಇದ್ದದ್ದು ಒಂದೇ. ಅದರ ಹೆಸರು ಕೆಂಪಿ. ಮಹಿಳಾ ಸಂಘದಿಂದ ಬಂದ ಗಿರಿರಾಜ ತಳಿಯ ಕೋಳಿಗಳು ಮೊಟ್ಟೆಯಿಡುತ್ತಿದ್ದವು, ಕಾವಿಗೆ ಕೂರುತ್ತಿರಲಿಲ್ಲ. ಎಲ್ಲದರ ಮೊಟ್ಟೆಯನ್ನೂ ಮರಿ ಮಾಡುತ್ತಿದ್ದದ್ದು ಕೆಂಪಿಯೇ.

ಆ ಕೆಂಪಿ ಈಗ ರೆಕ್ಕೆ ಜೋಲಿಸಿ, ಕಣ್ಣು ಅರೆಮುಚ್ಚಿ ಮೂಲೆ ಹಿಡಿದಿತ್ತು. ಮೊನ್ನೆ ಹೀಗೇ ಕೂತಿದ್ದ ಗಿರಿರಾಜ ಕೋಳಿಯೊಂದು ಬೆಳಗಾಗುವಷ್ಟರಲ್ಲಿ ಸತ್ತಿತ್ತು.

"ಇದೂ ಓಗೋದೇ. ಸಾಯಕ್ ಮುಂಚೆ ಕುಯ್ದ್‌ಬುಡಾನ, ಸಾರಾದ್ರೂ ಆಯ್ತದೆ," ಎಂದ ಗಂಡ ದೊಡ್ಡಬೊಮ್ಮ, ಕತ್ತಿ ಮಸೆಯುತ್ತಾ.

"ನಿನ್ ಬಾಯ್ಗೆ ಮಣ್ಣಾಕ! ಸುಮ್ಕಿರು," ಎಂದಳು ಕುಳ್ಳಿ. ಕೆಂಪಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು.

ಸುದ್ದಿ ಕೇಳಿ ಪಕ್ಕದ ಹಾಡಿಯ ಸುಮಿತ್ರಾ ಬಂದಳು. ಅವಳು ದನ, ಕುರಿ, ಕೋಳಿಗಳ ಆರೋಗ್ಯ ನೋಡಿಕೊಳ್ಳುವ ಪಶುಸಖಿ ತರಬೇತಿ ಪಡೆದವಳು.

"ಮೇವು ತಿಂತದಾ ಕುಳ್ಳಕ್ಕ?"

"ತಿಂದೈತೆ ಕಣವ್ವ. ದಿನಾ ಸಂಜೆ ಮುಚ್ಚಕ್ ಮುಂಚೆ ಎಲ್ಲದರ ಗಂಟ್ಲ ಚೀಲಾನೂ ಮುಟ್ ನೋಡ್ತೀನಿ. ನಮ್ಮತ್ತೆ ಕಲ್ಸಿದ್ದು. ಇದರದ್ದು ತುಂಬ್ಕೊಂಡೇ ಅದೆ."

"ಬೆಳಿಗ್ಗೆ ಮುಟ್ಟಿದ್ರಾ?"

"ಬೆಳಿಗ್ಗೆ ಯಾರ್ ಮುಟ್ತಾರೆ?"

ಆ ದಿನ ಇನ್ನೂ ಕಾಳು ಹಾಕಿರಲಿಲ್ಲ. ಸುಮಿತ್ರಾ ಕೆಂಪಿಯ ಕತ್ತಿನ ಬುಡ ಸವರಿದಳು. ಚೀಲ ಗಟ್ಟಿ ಚೆಂಡಿನಂತಿತ್ತು.

"ಇದು ಹೊಟ್ಟೆ ತುಂಬಿರೋದಲ್ಲ ಅಕ್ಕ, ಕಟ್ಕೊಂಡಿರೋದು. ತಿಂದದ್ದು ಮೊದ್ಲು ಈ ಚೀಲದಲ್ಲಿ ನೆನೀತದೆ. ಆಮೇಲೆ ಒಳಗಿನ ಸಣ್ಣ ಹೊಟ್ಟೇಲಿ ರಸ ಬೆರೀತದೆ. ಅಲ್ಲಿಂದ ಅರೆಯೋ ಹೊಟ್ಟೆಗೆ. ಕೋಳಿ ಕುಯ್ದಾಗ ಸಿಗ್ತದಲ್ಲ, ಗಟ್ಟಿ ಗುಂಡು, ಒಳಗೆ ಹಳದಿ ಸಿಪ್ಪೆ?"

"ಅದ್ರೊಳ್ಗೆ ಕಲ್ಲಿರ್ತವೆ. ತೊಳ್ದು ಎಸೀತೀವಿ," ಎಂದ ದೊಡ್ಡಬೊಮ್ಮ.

"ಆ ಕಲ್ಲೇ ಬಾವ ಕೋಳಿಗೆ ಹಲ್ಲು. ಬೀಸೋ ಕಲ್ಲಿಲ್ದೆ ರಾಗಿ ಹಿಟ್ಟಾಯ್ತದಾ? ಅರೆದದ್ದು ಕರುಳಿಗೆ ಓದ್ರೇನೇ ಮೈಗೆ ಅತ್ತೋದು. ರಾತ್ರಿಯೆಲ್ಲ ಆ ಕೆಲ್ಸ ನಡೆದು, ಬೆಳಿಗ್ಗೆಗೆ ಚೀಲ ಖಾಲಿ ಆಗ್ಬೇಕು."

ಕುಳ್ಳಿ ನಂಬಲಿಲ್ಲ. "ಕೋಳಿಗೆ ಕಲ್ಲು ತಿನ್ಸು ಅಂತೀಯಾ? ಮುಂಗ್ಸಿ ಕಾಟಕ್ಕೆ ಗೂಡಲ್ಲೇ ಕೂಡಾಕಿ, ಗೊಬ್ಬರದ ಚೀಲ ಆಸಿ, ಒಂದ್ ಕಲ್ಲು ಇಲ್ದಂಗೆ ಗುಡಿಸ್ತೀನಿ. ನಮ್ ಗೂಡಿನಷ್ಟು ಚೊಕ್ಕಟ ನಿಮ್ಮನೆ ಅಡುಗೆಮನೇನೂ ಇಲ್ಲ ಕಣೇ!"

ಸುಮಿತ್ರಾ ಗೂಡಿನೊಳಗೆ ಬಗ್ಗಿದಳು. ಹಾಸಿದ್ದ ಪ್ಲಾಸ್ಟಿಕ್ ಚೀಲದ ಅಂಚನ್ನೆಲ್ಲ ಕೋಳಿಗಳು ಕಿತ್ತು ಎಳೆಎಳೆ ಮಾಡಿದ್ದವು. ಒಂದು ಎಳೆಯನ್ನು ಕುಳ್ಳಿಯ ಕೈಗಿಟ್ಟಳು. "ಉಳ ಅಂದ್ಕಂಡು ನುಂಗ್ಯವೆ. ಇದನ್ನ ಕಲ್ಲೂ ಅರೆಯಾಕಿಲ್ಲ."

ಕುಳ್ಳಿ ಎಳೆಯನ್ನು ಎಸೆದಳು. ಓಡಿಹೋಗಿ ಎಣ್ಣೆ ಬಾಟಲಿ ತಂದಳು. "ಕುಡ್ಸಿ, ತಲೆಕೆಳಗ್ ಮಾಡಿ ಚೀಲ ಇಂಡಾನ?"

"ಬ್ಯಾಡ! ಉಸಿರಿನ ಕೊಳವೆಗೆ ಓದ್ರೆ ಇಲ್ಲೇ ಸಾಯ್ತದೆ. ಪಶು ಆಸ್ಪತ್ರೆಗೆ ನಡೀರಿ."

ಬಸ್ಸಿನಲ್ಲಿ ಕುಳ್ಳಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಕೈಯಿಟ್ಟು ನೋಡಿದಳು. ಹುಣಸೂರಿನಲ್ಲಿ ಡಾಕ್ಟರು ಚೀಲವನ್ನು ಸಣ್ಣಗೆ ಕೊಯ್ದರು. ಜೋಳದ ಕಾಳಿಗೆ ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಎಳೆಯ ಉಂಡೆ ಹೊರಬಂತು. ಹೊಲಿಗೆ ಹಾಕಿ, "ಮೆತ್ತನೆ ಮೇವು ಸ್ವಲ್ಪಸ್ವಲ್ಪ ಕೊಡಿ. ಉಳಿಯುತ್ತೆ ಅಂತ ಈಗಲೇ ಹೇಳೋಕಾಗಲ್ಲ," ಎಂದರು.

ಅಂದಿನಿಂದ ಕುಳ್ಳಿ ಎದ್ದ ಕೂಡಲೇ, ಮುಖ ತೊಳೆಯುವ ಮೊದಲೇ ಕೆಂಪಿಯ ಕತ್ತು ಮುಟ್ಟುತ್ತಿದ್ದಳು. ಒಂದು ಬೆಳಿಗ್ಗೆ ಕೂಗಿಕೊಂಡಳು: "ಬರೀ ತೊಗಲು ಕಣಯ್ಯೋ, ಖಾಲಿ ಆಗೈತೆ!"

ದೊಡ್ಡಬೊಮ್ಮ ಹೊಳೆಯಿಂದ ದಪ್ಪ ಮರಳು ಹೊತ್ತು ತಂದ. "ನನ್ ಬಾಯ್ಗೆ ಮಣ್ಣಾಕ ಅಂದ್ಯಲ್ಲ, ತಗೋ, ನಿನ್ ಕೋಳಿ ಬಾಯ್ಗೇ ಆಕು."

ಕೋಳಿ ಸಾಕುವ ಅಕ್ಕಂದಿರೇ, ಅಣ್ಣಂದಿರೇ, ಕೂಡಿಹಾಕಿದ ಕೋಳಿಗೆ ಕಾಳು, ನೀರಿನ ಜೊತೆ ಅರೆಯುವ ಕಲ್ಲಾಗಿ ದಪ್ಪ ಮರಳನ್ನೂ ಇಡಿ. ಪ್ಲಾಸ್ಟಿಕ್ ಎಳೆ, ದಾರ ಗೂಡಿನ ಹತ್ತಿರ ಬೇಡ. ಸಂಜೆ ಮುಟ್ಟಿದ ಚೀಲವನ್ನು ಬೆಳಿಗ್ಗೆ ಕಾಳು ಹಾಕುವ ಮೊದಲೂ ಮುಟ್ಟಿ ನೋಡಿ. ಗಟ್ಟಿಯಿದ್ದರೆ ಕಾಯುತ್ತಾ ಕೂರದೆ ಪಶು ಆಸ್ಪತ್ರೆಗೆ ಒಯ್ಯಿರಿ.

ಕುಳ್ಳಿ ಒಂದು ಗಿರಿರಾಜ ಕೋಳಿ ಕಳೆದುಕೊಂಡಳು. ಕೆಂಪಿ ಉಳಿಯಿತು, ಈಗ ಕಾವಿಗೆ ಕೂತಿದೆ.