ಮೂರನೆಯ ಹಾಳೆ

“ಸೀಲಿಂಗ್ ಯಾರು ನೋಡ್ತಾರೆ ಆಂಟಿ?” ಎಂದು ಚಿರಂತ್ ನಕ್ಕುಬಿಟ್ಟ.

ಸೀತಾಲಕ್ಷ್ಮಿಗೆ ಮೈಯೆಲ್ಲ ಉರಿದುಹೋಯಿತು. ಈ ಮಾತನ್ನು ಅವನು ಆಡಿದ್ದು ಯಾರ ಮುಂದೆ? ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಎರಡು ತಿಂಗಳಿಂದ ಅಂಗಾತ ಮಲಗಿರುವವರ ಮುಂದೆ. ಈ ವಯಸ್ಸಿಗೆ ಆಪರೇಷನ್ ಬೇಡ, ಅಲ್ಲಾಡದೆ ಮಲಗಿದ್ದರೆ ತಾನೇ ಕೂಡಿಕೊಳ್ಳುತ್ತದೆ, ಇನ್ನೂ ಮೂರು ತಿಂಗಳು ಬೇಕು ಎಂದು ಡಾಕ್ಟರು ಹೇಳಿದ್ದರು. ಬೆಳಗಾದರೆ, ಬೈಗಾದರೆ ಅವರ ಕಣ್ಣಿಗೆ ಬೀಳುವುದು ಹತ್ತಡಿ ಮೇಲಿನ ಆ ಸೀಲಿಂಗ್ ಒಂದೇ. ಇಡೀ ಜೆ.ಪಿ. ನಗರದಲ್ಲಿ ಸೀಲಿಂಗ್ ನೋಡುವವರು ಒಬ್ಬರಿದ್ದರೆ ಅದು ಅವರೇ ಆಗಿದ್ದರು.

“ನಾನು ನೋಡ್ತೀನಪ್ಪ,” ಎಂದರು.

ಚಿರಂತ್ ಇಂಟೀರಿಯರ್ ಕಂಪನಿಯ ಸೂಪರ್‌ವೈಸರ್. ಕಂಪ್ಲೇಂಟ್ ಕೊಟ್ಟು ಎಂಟು ದಿನವಾದ ಮೇಲೆ ಬಂದವನು ಬಾಗಿಲಲ್ಲೇ ನಿಂತು, ಕತ್ತೆತ್ತಿ ಒಮ್ಮೆ ನೋಡಿ, ಫೋಟೋ ತೆಗೆದುಕೊಂಡ. ವಾಲ್‌ಪೇಪರ್ ಅರ್ಧ ಇಂಚು ಆ ಕಡೆ ಈ ಕಡೆ ಆಗೋದು ಮಾಮೂಲು, ಫೋಟೋದಲ್ಲಿ ಗೊತ್ತೂ ಆಗಲ್ಲ ಎಂದು ಅವರ ಮಗ ತಿರುಮಲೇಶನಿಗೆ ಹೇಳಿದ. ಮಲಗಿದವರ ಕಡೆ ತಿರುಗಲಿಲ್ಲ.

ಸೀಲಿಂಗಿಗೆ ವಾಲ್‌ಪೇಪರ್ ಅಂಟಿಸುವ ಯೋಚನೆ ಸೊಸೆ ಶ್ವೇತಳದು. ಟೆರೇಸಿನ ನೀರು ಇಳಿದು ಕೋಣೆಯ ಮೂಲೆಯಲ್ಲಿ ಕಲೆ ಕೂತಿತ್ತು. ಅಮ್ಮ ಅದನ್ನೇ ನೋಡುತ್ತ ಮಲಗಿರಬೇಕಲ್ಲ ಎಂದು ಅವಳು ಮೊಬೈಲಿನಲ್ಲಿ ಹುಡುಕಿ ಹುಡುಕಿ, ಕೆಮ್ಮಣ್ಣಿನ ಬಣ್ಣದ ಮೇಲೆ ಬಿಳಿ ಎಳೆಯ ಚುಕ್ಕಿ ರಂಗೋಲಿ ಅಚ್ಚಾದ ಕಾಗದ ಆರಿಸಿದ್ದಳು. ಅದರ ಚಿತ್ರ ತೋರಿಸಿದಾಗ ಸೀತಾಲಕ್ಷ್ಮಿಗೆ ಕಣ್ಣು ತುಂಬಿ ಬಂದಿತ್ತು. ಮದುವೆಯಾಗಿ ಬಂದ ಮರುದಿನದಿಂದ ಬಿದ್ದ ದಿನದವರೆಗೆ, ನಲವತ್ತೊಂಬತ್ತು ವರ್ಷ, ಬಾಗಿಲ ಮುಂದೆ ರಂಗೋಲಿ ಬಿಡದೆ ಅವರು ಕಾಫಿ ಕುಡಿದವರಲ್ಲ. ಸೊಸೆಗೆ ಅದು ನೆನಪಿತ್ತಲ್ಲ ಎಂಬುದೇ ದೊಡ್ಡ ಸಮಾಧಾನವಾಗಿತ್ತು.

ಕಾಗದ ಅಂಟಿಸಿದ ದಿನ ಅವರ ಗಾಲಿಮಂಚವನ್ನು ಹಾಲಿಗೆ ತಳ್ಳಿದ್ದರು. ಸಂಜೆ ಕೆಲಸ ಮುಗಿಸಿದ ದೇವದಾಸ್ ಎಂಬ ಕೆಲಸಗಾರ ಕುಡಿಯಲು ನೀರು ಕೇಳುವ ನೆಪದಲ್ಲಿ ಮಂಚದ ಹತ್ತಿರ ಬಂದ. ಮೂರನೆಯ ಹಾಳೆ ಸ್ವಲ್ಪ ನೋಡಿಕೊಳ್ಳಿ, ನಾನು ಹೇಳಿದೆ, ಸೂಪರ್‌ವೈಸರ್ ಕೇಳಲಿಲ್ಲ ಎಂದು ತಗ್ಗಿದ ದನಿಯಲ್ಲಿ ಹೇಳಿ, ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ತನ್ನ ನಂಬರ್ ಬರೆದು ಹೋದ. ಅವನು ಹೇಳಿದ್ದು ಏನೆಂದು ಆಗ ಅವರಿಗೆ ಅರ್ಥವಾಗಲಿಲ್ಲ.

ಮರುದಿನ ಬೆಳಗಿನ ಬೆಳಕಿನಲ್ಲಿ ಅರ್ಥವಾಯಿತು. ಮೂರನೆಯ ಹಾಳೆ ಜಾರಿತ್ತು. ಎರಡನೆಯ ಹಾಳೆಯಿಂದ ಬಂದ ಎಳೆಗಳೆಲ್ಲ ಅಂಚಿಗೆ ಬಂದು ತಟಕ್ಕನೆ ನಿಂತುಬಿಟ್ಟಿದ್ದವು. ಆ ಕಡೆಯವು ಬೇರೆಲ್ಲೋ ಶುರುವಾಗಿದ್ದವು. ಗಡಿಯುದ್ದಕ್ಕೂ ಎಷ್ಟೋ ಚುಕ್ಕಿಗಳು ಎಳೆಯ ಹೊರಗೆ ಬಿದ್ದಿದ್ದವು. ರಂಗೋಲಿಯೆಂದರೆ ಹೊರಟ ಎಳೆ ಪ್ರತಿ ಚುಕ್ಕಿಯನ್ನೂ ಬಳಸಿಕೊಂಡು ಹೊರಟಲ್ಲಿಗೇ ಬರಬೇಕು. ಜ್ವರ ಬಂದ ದಿನ, ಗಂಡ ಆಸ್ಪತ್ರೆಯಲ್ಲಿದ್ದ ದಿನ ಕೂಡ ಒಂದು ಚುಕ್ಕಿಯನ್ನೂ ಹೊರಗೆ ಬಿಟ್ಟು ಎದ್ದವರಲ್ಲ ಅವರು. ಈಗ ಎಚ್ಚರವಿದ್ದಷ್ಟು ಹೊತ್ತೂ ಅವರ ಕಣ್ಣು ಒಂದು ಎಳೆ ಹಿಡಿದು ಹೊರಡುತ್ತಿತ್ತು, ಅದೇ ಅಂಚಿಗೆ ಬಂದು ಬೀಳುತ್ತಿತ್ತು. ಕಣ್ಣು ಮುಚ್ಚಿದರೂ ಅದೇ.

ನೋಡಲು ಬಂದವರೆಲ್ಲ ಬಾಗಿಲಲ್ಲಿ ನಿಂತು ಸಖತ್ತಾಗಿದೆ ಎಂದು ಹೊಗಳಿದರು. ಅವರು ನಿಲ್ಲುವುದು ಒಂದು ನಿಮಿಷ, ನೋಡುವುದು ಅದರಲ್ಲಿ ಅರ್ಧ. ಆ ಹೊಗಳಿಕೆಯನ್ನೇ ಹಿಡಿದುಕೊಂಡು, ಚಿರಂತ್ ಹೋದ ಮೇಲೆ ತಿರುಮಲೇಶ ತಾಯಿಗೆ ಬುದ್ಧಿ ಹೇಳಲು ಕೂತ.

“ಬಿಡಮ್ಮ. ಎಲ್ಲಾರ್ಗೂ ಇಷ್ಟ ಆಗಿದೆ. ನಿಂಗೆ ಮಲಗಿ ಮಲಗಿ ಹಾಗನ್ಸತ್ತೆ.”

ಅಳು ಬರಬೇಕಿತ್ತು, ಸಿಟ್ಟು ಬಂತು. ಊಟಕ್ಕೆ ಏನು ಬೇಕು ಎಂದು ಕೇಳುವುದಿಲ್ಲ, ಕಿಟಕಿ ತೆಗೆಯಬೇಕೇ ಎಂದು ಕೇಳುವುದಿಲ್ಲ, ಹೋಗಲಿ. ಕಣ್ಣ ಮುಂದಿರುವುದು ಸರಿಯಿಲ್ಲ ಎಂದರೆ ಅದೂ ಕಾಯಿಲೆಯೇ? ಮುರಿದಿದ್ದು ಸೊಂಟ, ಕಣ್ಣಲ್ಲ. ಸೀತಾಲಕ್ಷ್ಮಿ ಆ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಮಗ ಅದನ್ನೂ ಮಲಗಿ ಮಲಗಿ ಎಂದುಬಿಡುತ್ತಿದ್ದ.

ಮಗ ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ, ಮನೆಗೆಲಸದ ಇಂದ್ರಾಣಿಯಿಂದ ಕ್ಯಾಲೆಂಡರ್ ತರಿಸಿಕೊಂಡು ಫೋನ್ ಮಾಡಿದರು. ಎತ್ತಿದ್ದು ದೇವದಾಸ್. ಬುಧವಾರ ರಜ, ಬರ್ತೀನಿ ಎಂದ.

ಬುಧವಾರ ಹನ್ನೊಂದಕ್ಕೆ ಗೊಟ್ಟಿಗೆರೆಯಿಂದ ಬಂದ. ಕೈಯಲ್ಲಿ ಎರಡು ಪುಟ್ಟ ಡಬ್ಬಿ, ಒಂದರಲ್ಲಿ ಕೆಮ್ಮಣ್ಣಿನ ಬಣ್ಣ, ಇನ್ನೊಂದರಲ್ಲಿ ಬಿಳಿ. ಕಾಗದ ಕೀಳುವಂತಿಲ್ಲ, ಕಿತ್ತರೆ ಹರಿಯುತ್ತದೆ, ಅಂಚಿನ ಎರಡೂ ಕಡೆ ಒಂದು ಗೇಣು ಎಳೆ ಅಳಿಸಿ ಹೊಸದಾಗಿ ಬರೆದು ಸೇರಿಸಬೇಕು ಎಂದು ವಿವರಿಸಿದ. ಕಂಪನಿಗೆ ಗೊತ್ತಾದರೆ ನಿನಗೆ ತೊಂದರೆಯಲ್ಲವೇ ಎಂದು ಸೀತಾಲಕ್ಷ್ಮಿ ಕೇಳಿದರು.

“ಆಗತ್ತೆ. ಆದ್ರೆ ಅಂಟಿಸಿದ್ ಕೈ ನಂದಲ್ವಾ ಅಮ್ಮ. ನಮ್ಮನೇಲೂ ಅಮ್ಮ ದಿನಾ ರಂಗೋಲಿ ಬಿಡ್ತಾರೆ. ಹಿಂಗ್ ಮಾಡಿದೀನಿ ಅಂದ್ರೆ ಒಳಕ್ಕೇ ಸೇರ್ಸಲ್ಲ.”

ಅಳಿಸುವ ಕೆಲಸ ಬೇಗ ಮುಗಿಯಿತು. ಕೆಮ್ಮಣ್ಣಿನ ಬಣ್ಣ ಒಣಗುವವರೆಗೆ ಇಂದ್ರಾಣಿ ಕೊಟ್ಟ ಚಿತ್ರಾನ್ನ ತಿಂದ. ಎಳೆ ಬರೆಯಲು ಏಣಿ ಹತ್ತಿದಾಗ ಕಷ್ಟ ಶುರುವಾಯಿತು. ಅಷ್ಟು ಹತ್ತಿರದಿಂದ ಅವನಿಗೆ ಕಾಣುವುದು ನಾಲ್ಕೇ ಚುಕ್ಕಿ, ಯಾವ ಎಳೆ ಎಲ್ಲಿಂದ ಬಂತು ಎಲ್ಲಿಗೆ ಹೋಗಬೇಕು ಎಂಬುದು ಕಾಣದು. ಕಾಣುವುದು ಕೆಳಗೆ ಮಲಗಿದವರಿಗೆ. ಸೀತಾಲಕ್ಷ್ಮಿ ಬಟ್ಟೆ ಒಣಹಾಕುವ ಉದ್ದ ಕೋಲು ತರಿಸಿಕೊಂಡರು. ಮಲಗಿದಲ್ಲಿಂದಲೇ ಕೋಲು ಎತ್ತಿ ದಾರಿ ತೋರಿಸುತ್ತ ಹೋದರು, ಅವನು ಕುಂಚ ಹಿಡಿದು ಹಿಂಬಾಲಿಸಿದ. ತೋಳು ನಡುಗಿದಾಗ ಎದೆಯ ಮೇಲೆ ಕೋಲು ಮಲಗಿಸಿ ಸುಧಾರಿಸಿಕೊಂಡು ಮತ್ತೆ ಎತ್ತಿದರು. ಎರಡು ತಿಂಗಳಲ್ಲಿ ಅಂದು ಮಧ್ಯಾಹ್ನ ಮೊದಲ ಬಾರಿಗೆ ಅವರು ಮಾತ್ರೆಯ ಹೊತ್ತು ಮರೆತರು. ದೇವದಾಸ್ ಹೋಗುವಾಗ ಕೆಳಗೆ ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದ.

ಸಂಜೆ ಬಣ್ಣದ ವಾಸನೆ ಹಿಡಿದು ತಿರುಮಲೇಶ ನೇರ ಕೋಣೆಗೆ ಬಂದ. ಹಿಂದೆಯೇ ಶ್ವೇತ. ಹೊದಿಕೆಯ ಮೇಲೆ ಬಿದ್ದಿದ್ದ ಬಿಳಿ ಹನಿಗಳು, ತಾಯಿಯ ಪಕ್ಕದಲ್ಲಿ ಕೋಲು. ಅವನಿಗೆ ಸಿಟ್ಟು ನೆತ್ತಿಗೇರಿತು. ಯಾರನ್ನು ಕೇಳಿ ಮಾಡಿಸಿದೆ, ಕಂಪನಿಯವರು ವಾರಂಟಿ ಕೊಡುವುದಿಲ್ಲ, ಅಷ್ಟು ಚೆನ್ನಾಗಿದ್ದದ್ದನ್ನು ಹಾಳು ಮಾಡಿಬಿಟ್ಟೆ ಎಂದು ಬಾಗಿಲಲ್ಲಿ ನಿಂತೇ ಕೂಗಾಡಿದ. ಅವನ ಕೂಗಾಟ ಮುಗಿಯುವವರೆಗೂ ಸೀತಾಲಕ್ಷ್ಮಿ ಕಾದರು.

“ಮಲ್ಕೋ,” ಎಂದರು.

“ಏನು?”

“ನೆಲದ ಮೇಲೆ ಮಲ್ಕೋ. ನನ್ ತಲೆ ಇರೋ ಕಡೇನೇ ತಲೆ ಇಟ್ಕೊಂಡು. ಬಾಗಿಲಲ್ಲಿ ನಿಂತ್ಕೊಂಡು ಹೇಳಿದ್ದು ಸಾಕು.”

ತಿರುಮಲೇಶ ಹೆಂಡತಿಯ ಮುಖ ನೋಡಿದ. ಶ್ವೇತ ಅವನ ಕೈಯಿಂದ ಬ್ಯಾಗ್ ತೆಗೆದುಕೊಂಡಳು. ಅವನು ಇಸ್ತ್ರಿ ಅಂಗಿಯಲ್ಲೇ ಮಂಚದ ಪಕ್ಕ ನೆಲಕ್ಕೆ ಒರಗಿದ. ಕೊರಳಿನ ಐಡಿ ಕಾರ್ಡು ಪಕ್ಕಕ್ಕೆ ಜಾರಿತು.

“ಫ್ಯಾನಿನ ಪಕ್ಕದ ಚುಕ್ಕಿಯಿಂದ ಹೊರಡು,” ಎಂದರು.

ಅವನು ಬೆರಳೆತ್ತಿ ಗಾಳಿಯಲ್ಲಿ ಎಳೆ ಹಿಡಿದ. ಒಂದು ಚುಕ್ಕಿ ಸುತ್ತಿದ, ಇನ್ನೊಂದು. ಎರಡನೆಯ ಹಾಳೆ ದಾಟಿ ಮೂರನೆಯದಕ್ಕೆ ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ. ಕಿಟಕಿಯ ಹತ್ತಿರ ಎರಡು ಎಳೆ ಕೂಡುವಲ್ಲಿ ಬೆರಳು ತಡವರಿಸಿತು, ಬೇರೆ ಎಳೆಗೆ ಹೊರಳಿತು.

“ನೀನು ಎಳೆ ತಪ್ಪಿದೆ,” ಎಂದರು ಸೀತಾಲಕ್ಷ್ಮಿ, ಮಂಚದ ಮೇಲಿನಿಂದ. “ಮೊದಲಿಂದ ಬಾ.”

ತಿರುಮಲೇಶ ಬೆರಳನ್ನು ಫ್ಯಾನಿನ ಪಕ್ಕಕ್ಕೆ ತಂದ.