ನಲವತ್ತೊಂದು ಸೆಕೆಂಡು

ರಸ್ತೆ ದಾಟುವವರಿಗೆ ಹಸಿರು ದೀಪ ಎಷ್ಟು ಹೊತ್ತು ಉರಿಯಬೇಕೆಂದು ಅಳೆಯುವುದೇ ಅವನ ಕೆಲಸ. ಆಫೀಸಿನವರು ಇಟ್ಟ ಹೆಸರು ಸೆಕೆಂಡಪ್ಪ. ನಿಯಮ ಸರಳ: ನಿಧಾನವಾಗಿ ನಡೆಯುವ ಮುದುಕರೊಬ್ಬರ ಹಿಂದೆಯೇ ಹೋಗಿ, ಅವರು ಆಚೆ ಮುಟ್ಟುವವರೆಗೆ ಎಣಿಸಬೇಕು. ಆದರೆ ಆವತ್ತು ನೆತ್ತಿ ಸುಡುವ ಬಿಸಿಲು, ಹೊಟ್ಟೆ ಬೇರೆ ತಾಳ ಹಾಕುತ್ತಿತ್ತು, ಮುದುಕರು ಒಬ್ಬರೂ ಬರಲಿಲ್ಲ. ಮಹಾರಾಯ ತಾನೇ ಸರಸರ ದಾಟಿದ. ಹದಿನಾರು ಸೆಕೆಂಡು. ಹಾಗೇ ಬರೆದು ಊಟಕ್ಕೆ ಹೋದ.

ಮೂರನೇ ದಿನ ಕೋಲೂರಿಕೊಂಡು ಬಂದ ಅಜ್ಜಿಯೊಬ್ಬಳು ನಡುರಸ್ತೆಯಲ್ಲಿದ್ದಾಗಲೇ ದೀಪ ಕೆಂಪಾಯಿತು. ಲಾರಿ ನಿಲ್ಲಲಿಲ್ಲ, ಅಜ್ಜಿ ಉಳಿಯಲಿಲ್ಲ.

"ಮುದುಕರ ಹಿಂದೆ ಹೋಗೇ ಅಳೆದ್ಯೇನಯ್ಯಾ?" ಎಂದು ಸಾಹೇಬರು ಕೇಳಿದರು.

"ಹೌದು ಸಾರ್."

ನಿಜ ಹೇಳಿದ್ದರೆ ಕೆಲಸ ಹೋಗುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅಂದಿನಿಂದ ಅವನಿಗೆ ಊಟ ಸೇರಲಿಲ್ಲ.

ಈಗ ಹೊಸ ತಕರಾರು. ಮಟಮಟ ಮಧ್ಯಾಹ್ನ, ಯಾರೂ ಬಟನ್ ಒತ್ತದಿದ್ದರೂ ಅಜ್ಜಿ ಸತ್ತ ಆ ಜಾಗದಲ್ಲಿ ಹಸಿರು ಬೀಳುತ್ತದಂತೆ, ನಲವತ್ತೊಂದು ಸೆಕೆಂಡು ಆರುವುದೇ ಇಲ್ಲವಂತೆ, ಗಾಡಿಗಳು ಸುಮ್ಮನೆ ಕಾಯುತ್ತವಂತೆ. ಸಾಹೇಬರು ಅವನನ್ನೇ ಅಟ್ಟಿದರು.

ಸಿಗ್ನಲ್ ಪೆಟ್ಟಿಗೆ ತೆರೆದು ಎರಡೂ ಬದಿಯ ಹಾಳು ಬಟನ್ನಿನ ವೈರನ್ನೇ ಕತ್ತರಿಸಿದ. ಆದರೂ ಎದುರು ಬದಿಯ ಬಟನ್ ಕಟಕ್ಕೆಂದು ತಾನಾಗಿ ಒಳಗೆ ಹೋಯಿತು. ಹಸಿರು ಬಂತು. ಗಾಡಿಗಳು ನಿಂತವು. ದಾಟುವವರು ಒಂದು ನರಪಿಳ್ಳೆಯೂ ಇಲ್ಲ. ಅಯ್ಯೋ, ಹಾರ್ನ್ ಹೊಡೆದು ಕಿವಿ ಕಿತ್ತುಹಾಕಬೇಕಾದ ಡ್ರೈವರುಗಳೆಲ್ಲ ತೆಪ್ಪಗಿದ್ದರು! ಮುಂದಿನ ಸಾಲಿನ ಅಷ್ಟೂ ತಲೆಗಳು ಆ ಬದಿಯಿಂದ ಈ ಬದಿಗೆ ಇಂಚಿಂಚಾಗಿ ತಿರುಗುತ್ತಿದ್ದವು. ಕೊನೆಗೆ ಅವನ ಪಕ್ಕದ ಖಾಲಿ ಜಾಗವನ್ನು ನೋಡುತ್ತ ನಿಂತವು.

ಆಗಲೇ ಸಾಹೇಬರ ಫೋನು. "ಏನಯ್ಯಾ ತೊಂದರೆ? ನೀನು ಬರೆದ ಸೆಕೆಂಡಲ್ಲೇನಾದ್ರೂ ತಪ್ಪಿತ್ತಾ?"

ಹೇಳಿಬಿಡಲು ಇದೇ ಹೊತ್ತು. ಮಾತು ನಾಲಿಗೆ ತುದಿಗೆ ಬಂದೇ ಬಿಟ್ಟಿತ್ತು.

"ಇಲ್ಲ ಸಾರ್, ಅದು ಸರಿಯಾಗೇ ಇದೆ. ವೈರ್ ಲೂಸ್ ಆಗಿತ್ತು, ಅಷ್ಟೇ."

ನಲವತ್ತೊಂದು ಸೆಕೆಂಡು ಆಗಲೇ ಮುಗಿದಿತ್ತು, ಹಸಿರು ಮಾತ್ರ ಇನ್ನೂ ಆರಿರಲಿಲ್ಲ. ಮುಂದಿದ್ದ ವ್ಯಾನಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ರೀ, ಪಾಪ ಅಜ್ಜಿ ಆಗ್ಲಿಂದ ಕೈ ಚಾಚ್ಕೊಂಡು ನಿಮ್ಮನ್ನೇ ನೋಡ್ತಾ ನಿಂತಿದ್ದಾರೆ. ವಾಪಸ್ ಹೋಗ್ಬೇಕೇನೋ. ಸ್ವಲ್ಪ ದಾಟಿಸ್ರೀ, ಪುಣ್ಯ ಬರುತ್ತೆ."

ಅವನು ಕೈ ಕೊಡಲಿಲ್ಲ. ಆದರೂ ತಣ್ಣನೆಯ ಒರಟು ಬೆರಳುಗಳು ಅವನ ಮಣಿಕಟ್ಟು ಹಿಡಿದು ರಸ್ತೆಗೆ ಇಳಿಸಿದವು. ಒಂದು ಹೆಜ್ಜೆ, ಒಂದು ಏದುಸಿರು, ಮತ್ತೊಂದು ಹೆಜ್ಜೆ.

"ತಪ್ಪಾಯ್ತು ಅಜ್ಜೀ, ಹೇಳ್ತೀನಿ, ಈಗ್ಲೇ ಎಲ್ಲಾ ಹೇಳ್ಬಿಡ್ತೀನಿ," ಎಂದು ಅವನು ಗಳಗಳ ಅತ್ತ.

ನಡುರಸ್ತೆಯಲ್ಲಿ ಅಜ್ಜಿ ನಿಂತಳು. ದೀಪ ಕೆಂಪಾಯಿತು. ಗಾಡಿಗಳು ಹೊರಟವು. ಅಜ್ಜಿ ಕೈ ಬಿಡಲಿಲ್ಲ.