ಏಳು ದಿನದ ಕ್ಯೂಬು

ಚಾವಣಿಯ ಕಾಂಕ್ರೀಟಿನ ಮಾದರಿಯೆಂದು ಸೈಟಿನಿಂದ ಬಂದ ಮೂರನೆಯ ಕ್ಯೂಬೂ ಲ್ಯಾಬಿನ ಯಂತ್ರದಡಿ ಬಿರಿಯಿತು. ಒತ್ತಡದ ಮುಳ್ಳು ನಿಂತ ಜಾಗ ನೋಡಿ ಪರೀಕ್ಷಕಿ ಹಳೆಯ ದಾಖಲೆ ತೆರೆದಳು. ಕಾಂಕ್ರೀಟು ಮಾಗಲು ತಿಂಗಳು ಬೇಕು. ಹೋದ ಸಲದ ಇಪ್ಪತ್ತೆಂಟು ದಿನದ ಕ್ಯೂಬುಗಳು ಒಡೆದದ್ದು ಇದೇ ಅಂಕಿಗೆ. ಇವಕ್ಕೆ ಬರೀ ಏಳು ದಿನ.

ಎದುರಿನ ಸ್ಟೂಲಿನಲ್ಲಿ ಅಕ್ಕನ ಗಂಡ ಹಿಗ್ಗಿದ. ಹೊಸ ಶಾಲೆ ಕಟ್ಟುತ್ತಿದ್ದ ಕಂಟ್ರಾಕ್ಟರ್ ಬಳಿ ಅವನು ಸೂಪರ್‌ವೈಸರ್. "ನೋಡಿದ್ಯಾ? ಉಕ್ಕು ಕಣೇ!"

"ಭಾವ, ಏಳು ದಿನದ ಕೂಸಿಗೆ ಮೀಸೆ ಬಂದಿದೆಯಲ್ಲ!"

ಅವನ ನಗು ಅರ್ಧಕ್ಕೇ ನಿಂತಿತು.

"ಹೋದ ಸಲದ್ದು, ಈ ಸಲದ್ದು ಎಲ್ಲಾನೂ ಒಂದೇ ದಿನ, ಬೇರೆಯಾಗಿ ಹೆಚ್ಚು ಸಿಮೆಂಟು ಸುರಿದು ಅಚ್ಚಿಗೆ ಹಾಕಿದ್ದೀರಿ. ಮೇಲಿನ ತಾರೀಖು ಮಾತ್ರ ಹೊಸದು. ಚಾವಣಿಗೆ ಹಾಕಿದ್ದು ಯಾವುದು?"

ಅವನು ಸಿಮೆಂಟು ಮೆತ್ತಿದ ಉಗುರು ಕೆರೆದ. "ಕಂಟ್ರಾಕ್ಟರ್ ಹೇಳಿದ್ರು, ಮಾಡ್ದೆ. ಇಲಾಖೆ ಇಂಜಿನಿಯರಿಗೂ ಗೊತ್ತು. ಪಾಸ್ ಅಂತ ಬರೆದ್ರೆ ನಿನ್ನ ಕೆಲಸ ಕಾಯಂ ಮಾಡಿಸ್ತಾರಂತೆ."

ಆರು ವರ್ಷದಿಂದ ವರ್ಷಕ್ಕೊಮ್ಮೆ ಕೈಮುಗಿದು ಮುಂದುವರಿಸಿಕೊಂಡ ಕೆಲಸ ಅವಳದು. ಬಾಯಿಗೆ ಬಂದ ತುತ್ತು. ಆದರೆ ಅವಳ ಕಣ್ಣು ಕ್ಯೂಬುಗಳ ಜೊತೆ ಬಂದ ಸೈಟಿನ ಹಾಳೆಯ ತಳಕ್ಕೆ ಇಳಿಯಿತು. 'ನನ್ನ ಸಮಕ್ಷಮದಲ್ಲಿ ತುಂಬಿಸಲಾಗಿದೆ' ಎಂಬಲ್ಲಿ ಒಂದೇ ಸಹಿ, ಭಾವನದು. ತಿನ್ನುವ ಕೈ ಮೇಲೆ, ಕೋಳ ಬೀಳುವ ಕೈ ಕೆಳಗೆ. ಲಂಚದ ಕಟ್ಟಡಗಳೆಲ್ಲ ಏಳುವುದು ಇದೊಂದೇ ನಕ್ಷೆಯಲ್ಲಿ.

"ಚಾವಣಿ ಕುಸಿದ್ರೆ ಮಕ್ಕಳು ಸಾಯ್ತಾರೆ ಭಾವ. ಜೈಲಿಗೆ ನೀವು ಹೋಗ್ತೀರಿ. ಆ ಕಂಟ್ರಾಕ್ಟರ್ ಹಾರ ಹಿಡ್ಕೊಂಡು ಸಂತಾಪಕ್ಕೆ ಬರ್ತಾನೆ."

"ಫೇಲ್ ಅಂದ್ರೆ ನಾಳೆನೇ ನನ್ನ ಹೊರಗೆ ಹಾಕ್ತಾರೆ. ನಿಮ್ಮಕ್ಕ ಮನೆಯೊಳಗೆ ಸೇರಿಸ್ತಾಳಾ?"

"ಅವಳದು ಬಾಯಿ ಜೋರು ಅಷ್ಟೇ, ಗಂಡನ್ನ ಬಿಟ್ಟುಕೊಡೋಳಲ್ಲ." ಅವಳು ಬಿಳಿ ಹಾಳೆಯೊಂದನ್ನು ಅವನ ಮುಂದೆ ಸರಿಸಿದಳು. "ಕ್ಯೂಬು ನಂಬೋ ಹಾಗಿಲ್ಲ, ಚಾವಣಿಯನ್ನೇ ಕೊರೆದು ನೋಡಿ ಅಂತ ನಾನು ಬರೀತೀನಿ. ಯಾರು ಏನು ಮಾಡಿಸಿದ್ರು ಅಂತ ನೀವು ಬರೀರಿ. ಎರಡೂ ಒಟ್ಟಿಗೆ ಇಂಜಿನಿಯರ್ ದಾಟಿ ಮೇಲಧಿಕಾರಿಗೇ ಹೋಗ್ಲಿ, ಒಬ್ಬರನ್ನೇ ತುಳಿಯೋಕಾಗಲ್ಲ. ಇನ್ಮುಂದೆ ಅಚ್ಚು ತುಂಬೋಕೆ ನಾನೇ ಬರ್ತೀನಿ, ಮಿಕ್ಸರ್ ಬಾಯಿಗೇ."

ಅವನು ಒಡೆದ ಕ್ಯೂಬುಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಪೆನ್ನಿಗೆ ಕೈ ಚಾಚಿದ.

"ಮೊದಲು ಯಾರ ಹೆಸರು ಬರೀಲಿ? ನನ್ನದಾ, ಕಂಟ್ರಾಕ್ಟರದಾ?"

"ನಿಮ್ಮದು ಸೈಟಿನ ಹಾಳೆಯಲ್ಲಿ ಆಗಲೇ ಇದೆಯಲ್ಲ ಭಾವ."